ಮೂರು ಕೊಡೆ

ಗ್ರಿಮ್ಸ್‌ಬಿಯ ಮೀನುಗಾಳಿ ಬಿಟ್ಟು
ಪಕ್ಕದ ಮನೆಯ ಡೊರೀನ್
ಅಲಿಕಾಂತೆಗೆ ಹೊರಟಿದ್ದಾಳೆ, ಎಪ್ಪತ್ತೊಂದಕ್ಕೆ,
ಮಂಡಿನೋವು ಸಮೇತ.

ಏಣಿ, ಇಸ್ತ್ರಿಪೆಟ್ಟಿಗೆ, ಮೂರು ಕೊಡೆ
ನನ್ನ ಹೊಸ್ತಿಲಲ್ಲಿಟ್ಟು ಕೇಳಿದಳು:
ಪರದೇಶಿ ಆಗೋದು ಹೇಗೆ, ಹೇಳಿಕೊಡು.

ನಮ್ಮಲ್ಲಿ ಆ ಮಾತಿಗೆ
ದಿಕ್ಕಿಲ್ಲದವಳೆಂಬ ಅರ್ಥವೂ ಉಂಟು.
ಹೇಳಲಿಲ್ಲ.

ವಿಳಾಸದ ಚೀಟಿ ಜೇಬಲ್ಲಿರಲಿ, ಅಂದೆ.
ಹೆಸರನ್ನು ಯಾರು ಹೇಗೆ ತಿರುಚಿದರೂ ಓಗೊಡು.
ಬ್ರೆಡ್ಡಿಗೆ ಬೆರಳು ತೋರಿಸು, ನಾಚಬೇಡ.
ಫೋನಿನಲ್ಲಿ ಅರ್ಥವಾಗದಿದ್ದರೆ ಹ್ಞೂಂ ಅನ್ನಬೇಡ,
ಹಾಗಂದೇ ನಾನು ಎರಡು ಹಾಸಿಗೆ ಕೊಂಡದ್ದು.

ಬರೆದುಕೊಂಡಳು, ಗ್ಯಾಸ್ ಬಿಲ್ಲಿನ ಬೆನ್ನಿಗೆ.

ಹನ್ನೆರಡು ವರ್ಷದ ಹಿಂದೆ ಇದೇ ಬೇಲಿಯಾಚೆ ನಿಂತು
'ಎಲ್ಲಿಯವಳು, ನಿಜವಾಗಿ?' ಅಂದವಳು

ಈಗ ಒಂದು ಕೊಡೆ ವಾಪಸು ಎತ್ತಿಕೊಂಡು
'ಅಲ್ಲೂ ಒಮ್ಮೊಮ್ಮೆ ಮಳೆ ಬರಬಹುದು,
ಅಲ್ಲವಾ?'