ನೀರಿಗೊಂದು ದೀರ್ಘ

ಓಶ್ ನಗರದ ಠಾಣೆಯ ಹಿಂದಿನ ಕೋಣೆಯಲ್ಲಿ
ಹತ್ತೊಂಬತ್ತು ವರ್ಷದಿಂದ ನಾನು ಹೆಸರು ಬರೆಯುವವಳು,
ಕಾಣೆಯಾದವರದು.
ಕಿಟಕಿಗೆ ಸುಲೇಮಾನ್ ಬೆಟ್ಟ. ಮೇಜಿನ ಒಂದು ಕಾಲು ಗಿಡ್ಡ;
ಹಳೇ ಸುತ್ತೋಲೆ ಮಡಚಿ ಅದರಡಿ ತುರುಕಿದ್ದೇನೆ.

ಜಿಲ್ದಿಜ್ ಹೋದದ್ದು ಹೋಟೆಲ್ ಕೆಲಸಕ್ಕೆಂದು.
ತಾಯಿ ಬಂದಳು, ಕೈಯಲ್ಲಿನ್ನೂ ನಾದಿದ ಹಿಟ್ಟು,
ಫೋಟೋದ ಅಂಚಿಗೂ ಮೆತ್ತಿತು.
"ಹೆಸರು ಸರಿಯಾಗಿ ಬರಿಯವ್ವ" ಅಂದಳು.
ಸರಿಯಾಗಿಯೇ ಬರೆದೆ.

ಗಡಿ ದಾಟುತ್ತ ದಾಟುತ್ತ ಹೆಸರು ಸವೆಯಿತು.
ರಷ್ಯನ್ ಕಲಿತ ಗುಮಾಸ್ತ ದ್ಜಿಲ್ದಿಜ್ ಮಾಡಿದ,
ಇಸ್ತಾಂಬುಲ್ಲಿನಲ್ಲಿ ಯಿಲ್ದಿಜ್,
ಕೊಲ್ಲಿಯ ಬಂದರಿನ ಕಾಗದದಲ್ಲಿ ಸ್ವರವೆಲ್ಲ ಉದುರಿ
ಜ್, ಲ್, ದ್, ಜ್: ನಾಲ್ಕು ಮೂಳೆ.
ಒಬ್ಬಳೇ ಹುಡುಗಿ ನಾಲ್ಕು ಫೈಲುಗಳಲ್ಲಿ
ನಾಲ್ಕು ಸಲ ಕಾಣೆಯಾದಳು.

ದೊಡ್ಡವರು ಸಹಿ ಹಾಕಿದ್ದರು, ಪತ್ರಿಕೆಯಲ್ಲಿ ನೋಡಿದ್ದೆ,
ಹೂಗುಚ್ಛ, ಬಾವುಟ, ಹಸ್ತಲಾಘವ.
ನಮ್ಮ ಕೋಣೆಯವರೆಗೆ ಇಳಿದು ಬಂದದ್ದು
ಒಂದು ಫೋನ್ ನಂಬರು.
ಅದರ ಆ ತುದಿಗೆ ನೆಜಾಹತ್ ಇದ್ದಳು.

ಮುಖ ಕಂಡಿಲ್ಲ. ಕೆಮ್ಮು ಗೊತ್ತು, ಚಹಾದ ಚಮಚ ಗೊತ್ತು.
ದುಭಾಷಿಯ ರಜೆಯ ದಿನ ನಾವೇ ತಡವರಿಸಿದೆವು:
ಅವಳ ನೀರು ಸು, ನನ್ನ ನೀರು ಸೂ,
ಒಂದು ದೀರ್ಘದಷ್ಟು ದೂರ.
"ಯಿಲ್ದಿಜ್ ಅಂದರೆ ನಮ್ಮಲ್ಲಿ ನಕ್ಷತ್ರ" ಅಂದಳು.
ನಮ್ಮ ಜಿಲ್ದಿಜ್ ಕೂಡ, ಅಂದೆ.
ಆಮೇಲೆ ಇಬ್ಬರೂ ಮಾತಾಡಲಿಲ್ಲ,
ಕಾಗದ ತಿರುವುವ ಸದ್ದು, ಎರಡೂ ಕಡೆ.

ಬಾಗಿಲು ಒಡೆದವರು ಮೂರನೆಯ ದೇಶದವರು, ಬೆಳಗಿನ ಜಾವ.
ಸುದ್ದಿ ಬಂದೊಡನೆ ನೆಜಾಹತ್ ಫೋನಿನಲ್ಲಿ ಎಣಿಸಿದಳು:
ಬಿರ್, ಇಕಿ, ಊಚ್, ದೋರ್ತ್, ಬೆಶ್.
ಎಣಿಕೆಗೆ ದುಭಾಷಿ ಬೇಕಾಗಲಿಲ್ಲ.
ನನ್ನ ಪಟ್ಟಿಯಲ್ಲಿ ಆರಿದ್ದರು.
ಬೆರಳು ಆರರ ಮೇಲೆ ಕಾಯುತ್ತಲೇ ಇತ್ತು.

ಐವರಲ್ಲಿ ಜಿಲ್ದಿಜ್ ಇದ್ದಳು.
ಟಿಕೆಟಿನ ಹಣ ಯಾವ ದೇಶದ ಲೆಕ್ಕಕ್ಕೆಂದು
ನಲವತ್ತೊಂದು ದಿನ ಪತ್ರಗಳು ಓಡಾಡಿದವು.
ಬಂದಾಗ ಸಹಿ ಕೇಳಿದೆ.
ನಾಲ್ಕೂ ಹೆಸರು ನೋಡುತ್ತ ಕೂತಳು,
ಹೊಸಿಲಲ್ಲಿ ಬಿಟ್ಟ ಯಾರದೋ ಚಪ್ಪಲಿ ನೋಡಿದ ಹಾಗೆ.
"ಇದರಲ್ಲಿ ಯಾವುದು ಬರೆಯಲಿ?"
ತಿಳಿಯದೆ, ಏನು ಬೇಕು ತಾಯಿ, ಅಂದೆ.
ಸೂ, ಅಂದಳು. ದೀರ್ಘ ಹಾಗೇ ಇತ್ತು.

ಆರನೆಯವಳು ಕುಂಡುಜ್.
ಗುಂಡುಜ್, ಕುಂದೂಸ್, ಖಂಡಜ್,
ಲೋಕ ಎಷ್ಟು ಬಗೆಯಲ್ಲಿ ತಪ್ಪು ಬರೆಯಬಲ್ಲದೋ
ಅಷ್ಟನ್ನೂ ನಾನೇ ಬರೆದು
ಈ ದಿನ ಸಂಜೆಯೇ ನೆಜಾಹತ್‌ಗೆ ಕಳಿಸಿದ್ದೇನೆ.