ಲೋಡ್ ಲೆಕ್ಕ

ಕೆಟಿಜೆ ನಗರದ ಹನ್ನೆರಡನೇ ಕ್ರಾಸಿನ ಮನೆಗೆ
ನನ್ನನ್ನು ಕರೆಸಿದ್ದು ಒಂದು ಚಿತ್ರ ತೋರಿಸಲಿಕ್ಕೆ:
ಮೊಬೈಲಿನೊಳಗೆ ಬಿಳಿಯ ಪೆಟ್ಟಿಗೆ,
ಮೊಳೆಗೆ ನೇತುಹಾಕಿದ ಪಂಚಾಂಗದ ಹಾಗೆ ತೆಳ್ಳಗೆ.

‘ಟ್ಯಾಂಕೇ ಇಲ್ಲವಂತೆ ಜಿಲಾನಣ್ಣ,
ನೀರು ಹರೀತಾ ಹರೀತಾನೇ ಕಾಯ್ತದಂತೆ,
ಇಡೀ ಮನೆಗೆ ಒಂದೇ ಸಾಕಂತೆ’
ಎಂದರು ಮೆಕ್ಕೆಜೋಳದ ದಲಾಲಿ ಕೊಟ್ರಬಸಪ್ಪನವರು,
ಮೂರು ಅಂತೆಗಳನ್ನು ಒಂದೇ ತಕ್ಕಡಿಗೆ ಹಾಕಿ.

ನಾನು ಬಕೆಟ್ ಕೇಳಿದೆ.
ಹದಿನೈದು ಲೀಟರಿನದು, ನೀಲಿ, ಒಂದು ಕಿವಿ ಮುರಿದದ್ದು.
ನಲ್ಲಿ ಬಿಟ್ಟು ಗಡಿಯಾರ ನೋಡಿದೆ. ಎರಡೂವರೆ ನಿಮಿಷ.
ನಿಮಿಷಕ್ಕೆ ಆರು ಲೀಟರಾದರೆ ಮೂರು ಬಚ್ಚಲಿಗೆ ಹದಿನೆಂಟು.
ಪುಷ್ಯದ ಬೆಳಗಿಗೆ ಸಂಪಿನ ನೀರು ಇಪ್ಪತ್ತೆರಡು ಡಿಗ್ರಿ,
ಮೈ ಕೇಳುವುದು ನಲವತ್ತು.
ಗುಣಿಸಿ ಭಾಗಿಸಿದರೆ ಹತ್ತಿರ ಹತ್ತಿರ
ಇಪ್ಪತ್ತಮೂರು ಕಿಲೋವ್ಯಾಟ್.
ಬೆಸ್ಕಾಂನವರು ಈ ಮನೆಗೆ ಬರೆದುಕೊಟ್ಟದ್ದು ಐದು.

‘ಅಂದ್ರೆ?’
ಅಂದ್ರೆ, ಮೂವರು ಒಟ್ಟಿಗೆ ಸ್ನಾನಕ್ಕೆ ಕೂತರೆ
ಹತ್ತು ಎಚ್‌ಪಿಯ ಮೂರು ಹಿಟ್ಟಿನ ಗಿರಣಿ ತಿರುಗಿದಂತೆ.
ತ್ರೀ ಫೇಸ್ ಬೇಕು, ಕಂಬದಿಂದ ಹೊಸ ಕೇಬಲ್ಲು,
ಅರ್ಜಿ, ಠೇವಣಿ, ಒಂದಿಷ್ಟು ಓಡಾಟ.
ಮೇಲೆ ಈ ಬೋರಿನ ಗಡಸು ನೀರು:
ವರ್ಷ ತುಂಬುವುದರೊಳಗೆ ಕಾಯಿಲಿಗೆ ಸುಣ್ಣದ ಅಂಗಿ.

ಕೊಟ್ರಬಸಪ್ಪನವರು ಚಿತ್ರವನ್ನು ಎರಡು ಬೆರಳಿಂದ
ದೊಡ್ಡದು ಮಾಡಿದರು, ಸಣ್ಣದು ಮಾಡಿದರು.
ಅಳೆದೂ ಸುರಿದೂ ನಾನೇ ಕೇಳಿದೆ:
‘ಯಾರ್ಯಾರು ಯಾವಾಗ ಸ್ನಾನ ಮಾಡ್ತೀರಿ ಹೇಳಿ.
ಎಲ್ಲರದೂ ಒಟ್ಟಿಗೆ ಬರದಿದ್ರೆ ಲೋಡು ಇಳೀತದೆ.’

ಐದೂವರೆಗೆ ಯಜಮಾನರು, ಲಿಂಗಪೂಜೆಗೆ ಮುಂಚೆ.
ಆರಕ್ಕೆ ತಮ್ಮ ಮಹಾಂತೇಶ, ಎಪಿಎಂಸಿಗೆ ಹೋಗುವವ.
ಏಳಕ್ಕೆ ಹುಡುಗರು, ಟವೆಲ್ಲಿಗೆ ಬಡಿದಾಡಿಕೊಂಡು.
ಎಂಟಕ್ಕೆ ದೊಡ್ಡಮ್ಮ, ಆಕೆಗೆ ಮಂಡಿನೋವು, ನೀರು ಸುಡಬೇಕು.
ಬರೆದು ಪೆನ್ನು ಜೇಬಿಗಿಟ್ಟು ಕೇಳಿದೆ: ‘ಇಷ್ಟೇನಾ?’

‘ಹ್ಞೂಂ, ಇಷ್ಟೇ.’

ಅಡುಗೆಮನೆ ಬಾಗಿಲಲ್ಲಿ, ಮೊಣಕೈವರೆಗೂ ಜೋಳದ ಹಿಟ್ಟು,
ನಡುವಿನ ಸೊಸೆ ಹಾಲಮ್ಮ.
‘ನಂದು ಹತ್ತೂವರೆ ಅಂತ ಬರ್ಕಳ್ರಿ.
ಅಷ್ಟೊತ್ತಿಗೆ ಗೀಜರ್ ಆಫ್ ಮಾಡಿರ್ತಾರೆ.
ಇನ್ನೊಬ್ಬಳಿಗೋಸ್ಕರ ಮತ್ತೆ ಹಾಕಬೇಕಾ ಅಂತ
ನಾನೂ ಹಾಕಲ್ಲ. ಉಳಿದಿದ್ದು ಉಗುರುಬೆಚ್ಚಗೆ ಬಂದ್ರೆ ಬಂತು.
ಹದಿನಾರು ವರ್ಷ ಆತು, ರೂಢಿ ಆಗೈತೆ.’

ಆಮೇಲೆ ಕೈಹಿಟ್ಟು ಉಜ್ಜುತ್ತ ಒಂದು ಮಾತು ಕೇಳಿದಳು,
ಇಷ್ಟು ಮನೆಗೆ ವೈರ್ ಎಳೆದ ನನ್ನನ್ನು
ಇದುವರೆಗೆ ಯಾರೂ ಕೇಳದ್ದು:
‘ಟ್ಯಾಂಕ್ ಇಲ್ಲ ಅಂದ ಮ್ಯಾಲೆ
ಕೊನೆಯವ್ರು ಅಂತ ಇರಲ್ಲ ಅಲ್ವಾ ಅಣ್ಣ?’

ಆಜಾದ್ ನಗರದಲ್ಲಿ ನಮ್ಮ ಅಮ್ಮಿ
ಮಂಡಕ್ಕಿ ಭಟ್ಟಿ ಆರಿದ ಮೇಲೆ ಅದರ ಕಾವಿಗೆ ಹಂಡೆ ಇಡುತ್ತಿದ್ದಳು.
ನಾವೆಲ್ಲ ಮಿಂದು ಮುಗಿಯುವ ತನಕ
ಹೊಟ್ಟು ಗುಡಿಸುತ್ತಲೇ ಇರುತ್ತಿದ್ದಳು. ಅಷ್ಟು ಹೊಟ್ಟು
ಅಲ್ಲಿ ಇತ್ತೇ ಅಂತ ನಾನು ಆಗ ಯೋಚಿಸಲಿಲ್ಲ.
ಹಂಡೆಗೆ ತಳ ಇರುತ್ತದೆ.
ತಳ ಇದ್ದ ಮೇಲೆ ಅದನ್ನು ಬಳಿಯುವವರೂ
ಮನೆಯಲ್ಲಿ ಒಬ್ಬರು ಇರುತ್ತಾರೆ.

ಕೊಟೇಶನ್ನಿನಲ್ಲಿ ಹೀಗೆ ಬರೆದೆ:
ಇಡೀ ಮನೆಗೆ ಒಂದು, ಈಗಿನ ಲೈನಿಗೆ ಆಗದ ಮಾತು.
ಲೋಡು ಹತ್ತಕ್ಕೆ ಏರಿಸಿ, ಒಂದು ಬಚ್ಚಲಿಗೆ ಸಣ್ಣದು,
ಐದೂವರೆ ಕಿಲೋವ್ಯಾಟಿನದು, ನಲ್ಲಿಯ ಧಾರೆ ಕೊಂಚ ತಗ್ಗಿಸಿ.
ಯಾವ ಬಚ್ಚಲು ಎಂಬುದನ್ನು ಮನೆಯವರೇ ಆರಿಸತಕ್ಕದ್ದು.
ಕೆಳಗೆ, ಖಾಲಿ ಉಳಿದಿದ್ದ ಗೆರೆಯ ಮೇಲೆ:
ಹತ್ತೂವರೆ, ಹಾಲಮ್ಮ, ನಲವತ್ತು ಡಿಗ್ರಿ.

ತಿಂಗಳಾಯಿತು. ಫೋನು ಬಂದಿಲ್ಲ.

ಮೊನ್ನೆ ಪಕ್ಕದ ಮನೆಯ ಫ್ಯಾನಿಗೆಂದು ಹೋದವನು
ಗೇಟಿನಾಚೆಯಿಂದ ಅವರ ಮೀಟರ್ ನೋಡಿದೆ.
ಹತ್ತು ನಲವತ್ತು. ಕೆಂಪು ದೀಪ
ದಡಬಡ ಮಿಣುಕುತ್ತಿತ್ತು, ಎರಡು ಕಿಲೋವ್ಯಾಟಿನ ನಾಡಿ.
ಇಸ್ತ್ರಿಪೆಟ್ಟಿಗೆ, ಮೋಟರು, ಏನು ಬೇಕಾದರೂ ಇರಬಹುದು.
ಒಳಗೆ ಹೋಗಿ ಕೇಳುವ ಕೆಲಸ ನನ್ನದಲ್ಲ.
ಸ್ಟೂಲು ಹೆಗಲಿಗೇರಿಸಿ
ದೀಪ ನಿಧಾನವಾಗುವ ತನಕ ಅಲ್ಲೇ ನಿಂತಿದ್ದೆ.