ಹದಿನೇಳನೆಯ ಅಧ್ಯಾಯ

ನನ್ನ ಕಾದಂಬರಿಯಲ್ಲಿ ಅವನು ಸಂಜೆ ಬರುತ್ತಾನೆ.
ಸೇತುವೆಯ ನಡುವೆ ಬಸ್ಸು ಕೆಡುತ್ತದೆ, ಇಳಿದು ನಡೆಯುತ್ತಾನೆ,
ಕಾಳಿ ಹೊಳೆ ಬೆಳ್ಳಿಯಾಗಿರುತ್ತದೆ.
(ಬೆಳ್ಳಿ ಎಂಬ ಪದ ಆ ಪುಟದಲ್ಲೇ ಮೂರು ಸಲ ಇದೆ.
ತೆಗೆಯಬೇಕಿತ್ತು.)

ನಾನು ಬಂದದ್ದು ಬೆಳಗಿನ ಹತ್ತೂವರೆಗೆ.
ವಾಸ್ಕೋದಿಂದ ಮಡಗಾಂವ, ಅಲ್ಲಿಂದ ಕದಂಬ ಬಸ್ಸು.
ಮಾಜಾಳಿ ಗೇಟಿನಲ್ಲಿ ಪೊಲೀಸರು ಹತ್ತಿ ಬಾಟಲಿ ಹುಡುಕಿದರು.
ನನ್ನ ಚೀಲದಲ್ಲಿ ನಾಲ್ಕು ನೂರು ಹಾಳೆ, ರಬ್ಬರ್ ಬ್ಯಾಂಡು ಹಾಕಿದ್ದು.
"ಎಂಥದಿದು?"
"ಕಥೆ."
"ಹೋಗಿ."
ಹಳೆ ಸೇತುವೆ ಬಿದ್ದುಹೋಗಿದೆ.
ಅವನನ್ನು ನಡೆಸಿದ ಜಾಗದಲ್ಲಿ ಒಂದಿಷ್ಟು ಕಂಬ,
ಕಂಬದ ಮೇಲೆ ರೆಕ್ಕೆ ಒಣಗಿಸುವ ನೀರುಕಾಗೆ.

ಆಗ ನನಗೆ ಹತ್ತೊಂಬತ್ತು.
ಬೈತಕೋಲದ ದಂಡೆಯಲ್ಲಿ ಒಂದು ರಾತ್ರಿ ಸಾಹುಕಾರನ ಟ್ರಾಲರ್ ಉರಿಯಿತು.
ರಂಪಣಿ ಎಳೆಯುವವರೆಲ್ಲ ನೋಡಿದ್ದರು, ಯಾರೂ ನೋಡಿರಲಿಲ್ಲ.
ಠಾಣೆಯಲ್ಲಿ ನನಗೆ ಚಾ ಕೊಟ್ಟರು. ಹೊಡೆಯಲೂ ಇಲ್ಲ.
ಹೇಳಿಬಿಟ್ಟೆ:
ಬುದವಂತ.
ನಾಲ್ಕಕ್ಷರ. ಚಾ ಇನ್ನೂ ಬಿಸಿಯಿತ್ತು.

ಮರುವಾರ ಊರು ಕೂತು ಹೇಳಿತು:
ಇವನಿಗೆ ಬಲೆಯಲ್ಲಿ ಪಾಲಿಲ್ಲ, ಬಾವಿಯಲ್ಲಿ ಕೊಡವಿಲ್ಲ,
ಇವನ ಮನೆಯ ಹೆಣಕ್ಕೆ ಹೆಗಲಿಲ್ಲ.
ಅವ್ವನನ್ನು ಅಂಕೋಲೆಯ ಅಕ್ಕನಲ್ಲಿ ಬಿಟ್ಟು
ಬಂದರಿನ ಕಲ್ಲಿದ್ದಲು ಹೊರಲು ಹೋದೆ. ರಾತ್ರಿ ಬರೆದೆ.

ಹದಿನೇಳನೆಯ ಅಧ್ಯಾಯದಲ್ಲಿ ಅವನು ಹೇಳುವುದಿಲ್ಲ.
ಎರಡು ಹಲ್ಲು ಹೋಗುತ್ತವೆ, ಆದರೂ ಹೇಳುವುದಿಲ್ಲ.
ಊರೇ ತಪ್ಪು ತಿಳಿದು ಅವನನ್ನು ಓಡಿಸುತ್ತದೆ.
ಬರೆಯುತ್ತ ಅತ್ತಿದ್ದೆ. ಅಳು ಸುಳ್ಳಾಗಿರಲಿಲ್ಲ,
ಅದೇ ನಾಚಿಕೆ.

ಮೀನು ಮಾರ್ಕೆಟ್ಟಿನಲ್ಲಿ ಬಂಗಡೆ ನೂರಕ್ಕೆ ನಾಲ್ಕು.
ನನ್ನ ಮುಂದಿನವಳಿಗೆ ಆರು ಕೊಟ್ಟದ್ದನ್ನು ನೋಡಿದ್ದೆ.
ಪರಊರಿನವನ ದರ ಎಂದುಕೊಂಡು ಸುಮ್ಮನಾದೆ.
ಮೆಟ್ಟುಗತ್ತಿಯ ಮೇಲೆ ತಲೆ ತೆಗೆಯುತ್ತ, ಕಿವಿರು ತೆಗೆಯುತ್ತ,
ಕತ್ತೆತ್ತದೆ ಅವಳು ಕೇಳಿದಳು,
"ಯಾವಾಗ ಬಂದ್ಯೊ?"

ಗುಲಾಬಿ. ಬುದವಂತನ ಹೆಂಡತಿ.
ಅವನು ಜೈಲಿನಿಂದ ಕೆಮ್ಮು ತಂದ, ಎರಡು ಮಳೆಗಾಲ ಕೆಮ್ಮಿದ
ಎಂದು ವಾಸ್ಕೋದಲ್ಲೇ ಕೇಳಿದ್ದೆ.
ಕಾದಂಬರಿಯಲ್ಲಿ ಅವಳಿಗೆ ಹೆಸರಿಟ್ಟಿರಲಿಲ್ಲ.

ಮೂವತ್ತು ವರ್ಷ ತಿದ್ದಿದ ಒಂದು ವಾಕ್ಯವಿತ್ತು ನನ್ನಲ್ಲಿ.
ಬಾಯಿಗೆ ಬರಲಿಲ್ಲ.
ಅವಳೇ ಅಂದಳು, ಮೀನಿನ ಹೊಟ್ಟೆಗೆ ಬೆರಳು ಹಾಕಿ:
"ಅವ ಹಚ್ಚಿದ್ದು ಹೌದು. ನೀ ಹೇಳಿದ್ದೂ ಹೌದು.
ಹೇಳೂದಾದ್ರೆ ಮೊದ್ಲು ನನ್ ಕೂಡೆ ಹೇಳ್ಬೇಕಾಗಿತ್ತು.
ಆ ರಾತ್ರಿಯೇ ಇಬ್ರೂ ದೋಣಿ ಹತ್ತತಿದ್ವು."

ನೂರು ರೂಪಾಯಿ ಕೈಬದಲಾಯಿತು.
ಚಿಲ್ಲರೆ ಇರಲಿಲ್ಲ, ಅವಳು ಇನ್ನೆರಡು ಮೀನೂ ಹಾಕಲಿಲ್ಲ.

ಲಾಡ್ಜಿನ ಹುಡುಗ ಬಾಗಿಲಲ್ಲೇ ತಡೆದ:
"ಹಸಿ ಮೀನು ಒಳಗೆ ತರಬೇಡಿ, ಅಣ್ಣ."
ಇಪ್ಪತ್ತಾರು ಅಧ್ಯಾಯದಲ್ಲಿ ಎಲ್ಲಿಯೂ ಯಾರೂ
ಒಲೆಯಿಲ್ಲದೆ ಮೀನು ಹಿಡಿದು ಬೀದಿಯಲ್ಲಿ ನಿಂತಿಲ್ಲ.
ನಾಲ್ಕು ಬಂಗಡೆ. ಚೀಲದ ತಳದಿಂದ ನೀರು ತೊಟ್ಟಿಕ್ಕುತ್ತಿದೆ,
ಕಂಕುಳಲ್ಲಿ ಹಾಳೆಗಳು.
ಕೋಡಿಬಾಗ ರಸ್ತೆಯಲ್ಲಿ ಒಂದು ಮನೆಯಿಂದ
ಒಗ್ಗರಣೆಯ ವಾಸನೆ ಬಂತು.
ಗೇಟಿನ ಚಿಲಕದ ಮೇಲೆ ಕೈ ಇಟ್ಟಿದ್ದೇನೆ.